ಅಂತರ್ಜಾಲದ ಜಾಹೀರಾತೂ ಮಂಗಳೂರಿನ ಕಸುಬುಗಳೂ

ಮಂಗಳೂರಿನ ಹಂಚನ್ನು ಮಗುಚಿ ನೋಡಿದವರಿಗೆ ಅದರ ಒಳಮೈಯಲ್ಲಿ ಅಚ್ಚೊತ್ತಿದ ಅಕ್ಷರಗಳು ಕಾಣದೆ ಇರವು. ಕಾರ್ಖಾನೆಯ ಹೆಸರು, ಊರಿನ ಹೆಸರು, ಕೆಲವು ಹಂಚುಗಳಲ್ಲಿ ಗುರುತಿಗಾಗಿ ಒಂದು ಚಿತ್ರ. ಇಷ್ಟೇ ಅದರ ಬರಹ. ೧೮೬೫ರಲ್ಲಿ ಬಾಸೆಲ್ ಮಿಶನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ನೇತ್ರಾವತೀ ಗುರುಪುರ ಹೊಳೆಗಳ ದಂಡೆಯಲ್ಲಿ ಒಂದರ ಬೆನ್ನಿಗೆ ಒಂದಾಗಿ ಎದ್ದ ಇತರ ಕಾರ್ಖಾನೆಗಳವರೂ ಇದೇ ರೂಢಿಯನ್ನು ಹಿಡಿದರು. ಹಂಚು ಹಡಗನ್ನೇರಿ ಮುಂಬಯಿಗೆ ಹೋಗಲಿ, ಸಿಂಹಳಕ್ಕೆ ಹೋಗಲಿ, ಆಫ್ರಿಕದ ಮೂಡಣ ಕರಾವಳಿಗೆ ಹೋಗಲಿ, ಮಾಡು ಹೊದೆಸುವ ಬಡಗಿಯು ಅದನ್ನು ಕೈಗೆತ್ತಿಕೊಂಡೊಡನೆ ಅದು ಎಲ್ಲಿಂದ ಬಂದಿತೆಂಬುದನ್ನು ತಿಳಿದುಕೊಳ್ಳುತ್ತಿದ್ದನು. ಇನ್ನೊಂದು ಮನೆಗೆ ಹಂಚು ಬೇಕಾದಾಗ ಯಾರಿಗೆ ಬರೆಯಬೇಕೆಂಬುದೂ ಅವನಿಗೆ ಗೊತ್ತಾಗುತ್ತಿತ್ತು. ಬೀದಿಯಲ್ಲಿ ಹೋಗುವವರೆಲ್ಲರನ್ನು ಕೂಗಿ ಕರೆಯುವ ಅಗತ್ಯವು ಆ ಕಾರ್ಖಾನೆಗೆ ಇರಲಿಲ್ಲ. ಹಂಚನ್ನು ಕೊಳ್ಳತಕ್ಕವನು ಯಾವನೋ ಅವನ ಕೈಗೇ ಅದರ ಜಾಹೀರಾತು ತಲಪುತ್ತಿತ್ತು; ಅದಕ್ಕಾಗಿ ಯಾವ ದಲಾಲಿಗೂ ಒಂದು ಕಾಸನ್ನು ಕೊಡಬೇಕಾಗಿರಲಿಲ್ಲ.

ಈ ಹಳೆಯ ಸಂಗತಿಯನ್ನು ನಾವು ಇಂದು ನೆನೆಯುವುದಕ್ಕೆ ಕಾರಣವಿದೆ. ನಮ್ಮ ಜಿಲ್ಲೆಯ ವ್ಯಾಪಾರಸ್ಥರು ತಮ್ಮ ಸರಕನ್ನು ಲೋಕಕ್ಕೆ ತಿಳಿಸುವ ಕಾರ್ಯವು ಕಳೆದ ಎರಡು ಮೂರು ದಶಕಗಳಲ್ಲಿ ಪತ್ರಿಕೆಯ ಪುಟವನ್ನೂ ಗೋಡೆಯನ್ನೂ ಬಿಟ್ಟು ಬಹುಮಟ್ಟಿಗೆ ಅಂತರ್ಜಾಲಕ್ಕೆ ಸರಿದಿದೆ; ಅದರ ಹಣದ ದೊಡ್ಡ ಪಾಲು ಗೂಗಲ್, ಮೆಟಾ ಎಂಬ ಅಮೆರಿಕದ ಎರಡು ಕಂಪೆನಿಗಳ ಬೊಕ್ಕಸವನ್ನು ಸೇರುತ್ತಿದೆ. ಜಾಹೀರಾತಿನಿಂದ ಜೀವಿಸುವ ಪತ್ರಿಕೆಯೊಂದು ಈ ಮಾತನ್ನಾಡಿದರೆ ಅದು ಸ್ವಾರ್ಥದ ಮಾತೆಂದು ವಾಚಕರು ಶಂಕಿಸುವುದು ಸಹಜವೇ ಆಗಿದೆ. ನಮಗೆ ಇದರಲ್ಲಿ ಸ್ವಾರ್ಥವಿದೆಯೆಂಬುದನ್ನು ನಾವು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೆ ಪತ್ರಿಕೆಯ ನಷ್ಟಕ್ಕಿಂತ ಮಿಗಿಲಾದ ಇನ್ನೊಂದು ನಷ್ಟವಿದೆ. ಅದು ಹಂಚಿನವನದು, ಗೇರುಬೀಜದವನದು, ಅಡಕೆಯವನದು, ದೋಣಿ ಕಟ್ಟುವವನದು. ಅದನ್ನು ಅವರೇ ಇನ್ನೂ ಲೆಕ್ಕಹಾಕಿದಂತೆ ಕಾಣುವುದಿಲ್ಲ. ಆದುದರಿಂದಲೇ ಈ ವಿಷಯವನ್ನು ಕುರಿತು ಕೊಂಚ ವಿಸ್ತಾರವಾಗಿ ಬರೆಯುವುದು ಉಚಿತವೆಂದು ಭಾವಿಸಿದ್ದೇವೆ.

ಅಂತರ್ಜಾಲದ ಜಾಹೀರಾತು ತೀರ ಹೊಸ ವಸ್ತು. ೧೯೯೪ನೆಯ ಇಸವಿಯ ಅಕ್ಟೋಬರ್ ೨೭ರಂದು ಅಮೆರಿಕದ ಹಾಟ್‌ವೈರ್ಡ್ ಎಂಬ ಅಂತರ್ಜಾಲ ಪತ್ರಿಕೆಯು ಎ.ಟಿ. ಅಂಡ್ ಟಿ. ಎಂಬ ಟೆಲಿಫೋನ್ ಕಂಪೆನಿಯ ಸಣ್ಣದೊಂದು ಪಟ್ಟಿಯನ್ನು ತನ್ನ ಪುಟದ ತಲೆಯ ಮೇಲೆ ಪ್ರಕಟಿಸಿತು. ಈ ಬಗೆಯ ಜಾಹೀರಾತುಗಳಿಗೆ ಅದೇ ನಾಂದಿಯೆಂದು ಎಣಿಸುತ್ತಾರೆ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲವು ದೊರೆತದ್ದು ಮರುವರ್ಷ, ೧೯೯೫ರ ಆಗಸ್ಟ್ ೧೫ರಂದು, ಸ್ವಾತಂತ್ರ್ಯೋತ್ಸವದ ದಿನ. ಆಗಿನ ಜಾಹೀರಾತು ಪತ್ರಿಕೆಯ ಜಾಹೀರಾತಿನಂತೆಯೇ ಇತ್ತು: ಇಷ್ಟು ಜಾಗ, ಇಷ್ಟು ದಿನ, ಇಷ್ಟು ಹಣ. ೨೦೦೦ನೆಯ ಇಸವಿಯ ಅಕ್ಟೋಬರಿನಲ್ಲಿ ಗೂಗಲ್ ಕಂಪೆನಿಯು ಕೇವಲ ೩೫೦ ಮಂದಿ ಜಾಹೀರಾತುದಾರರನ್ನು ಕೂಡಿಕೊಂಡು ಹೊಸದೊಂದು ಏರ್ಪಾಡನ್ನು ಆರಂಭಿಸಿತು. ಹುಡುಕುವವನು ಯಾವ ಶಬ್ದವನ್ನು ಬರೆಯುವನೋ ಆ ಶಬ್ದದ ಜತೆಗೆ ಜಾಹೀರಾತನ್ನು ತೋರಿಸುವುದೇ ಅದರ ಹೂಟ. ಬರಬರುತ್ತ ಶಬ್ದಗಳು ಹರಾಜಿಗೆ ಬಂದವು. ೨೦೦೩ರಿಂದ ಆ ಕಂಪೆನಿಯು ಇತರರ ಪುಟಗಳಲ್ಲಿಯೂ ಜಾಹೀರಾತನ್ನು ಹಾಕಿಸಿ, ಬಂದ ಹಣದಲ್ಲಿ ಒಂದು ಪಾಲನ್ನು ಪುಟದೊಡೆಯನಿಗೆ ಕೊಡತೊಡಗಿತು. ಇಂದು ತಾವು ಒಂದು ಪುಟವನ್ನು ತೆರೆಯುವಷ್ಟರಲ್ಲಿ, ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ, ತಮ್ಮ ಮುಂದಿನ ಆ ಅಂಗೈಯಗಲದ ಜಾಗವು ಎಲ್ಲಿಯೋ ಹರಾಜಾಗಿ ಮಾರಿಹೋಗಿರುತ್ತದೆ. ಹರಾಜು ಕೂಗುವವನೂ ಅವನೇ, ಕೊಳ್ಳುವವನ ಪರವಾಗಿ ಸವಾಲು ಹಾಕುವವನೂ ಅವನೇ, ಮಾರುವವನ ಪರವಾಗಿ ಹಣ ಎಣಿಸುವವನೂ ಅವನೇ. ಇದು ನ್ಯಾಯವೇ ಎಂಬ ಪ್ರಶ್ನೆಯನ್ನು ನಾವೊಬ್ಬರೇ ಎತ್ತುತ್ತಿಲ್ಲ. ಜಾಹೀರಾತಿನ ಯಂತ್ರದ ಕೆಲವು ಭಾಗಗಳಲ್ಲಿ ಗೂಗಲ್ ಕಾನೂನಿಗೆ ವಿರುದ್ಧವಾಗಿ ಏಕಸ್ವಾಮ್ಯವನ್ನು ಸಾಧಿಸಿತೆಂದು ಅಮೆರಿಕದ ನ್ಯಾಯಾಲಯವೇ ೨೦೨೫ರ ಏಪ್ರಿಲಿನಲ್ಲಿ ತೀರ್ಪಿತ್ತಿದೆ.

ಇನ್ನು ಇದರಿಂದ ನಮ್ಮ ಊರಿನ ಕಸುಬುದಾರನಿಗೆ ಏನಾಗುತ್ತದೆಂಬುದನ್ನು ನೋಡೋಣ. ಗೇರುಬೀಜದ ಕಾರ್ಖಾನೆಯವನೊಬ್ಬನನ್ನು ದೃಷ್ಟಾಂತಕ್ಕಾಗಿ ತೆಗೆದುಕೊಳ್ಳಿರಿ. ಅವನಿಗೆ ಬೇಕಾದ ಗಿರಾಕಿಗಳು ಲೋಕದಲ್ಲೆಲ್ಲ ಕೆಲವು ನೂರು ಮಂದಿ ಇರಬಹುದು. ಸಗಟಾಗಿ ತಿರುಳನ್ನು ಕೊಳ್ಳುವವರು, ಮಿಠಾಯಿಯ ಕಾರ್ಖಾನೆಯವರು, ಪರದೇಶದ ಆಮದುದಾರರು. ಇವರ ಮಾತಿನಲ್ಲಿ ಗೇರುಬೀಜವೆಂಬ ಸಾಮಾನ್ಯ ಶಬ್ದವೇ ವಿರಳ. ಡಬ್ಲ್ಯು ೧೮೦ ಎಂದರೆ ಒಂದು ಪೌಂಡಿಗೆ ೧೭೦ರಿಂದ ೧೮೦ರ ವರೆಗೆ ತೂಗುವ ದೊಡ್ಡ ಬಿಳಿ ತಿರುಳು. ಡಬ್ಲ್ಯು ೩೨೦ ಎಂದರೆ ೩೦೦ರಿಂದ ೩೨೦ರ ವರೆಗಿನದು. ಇನ್ನು ಸೀಳು, ಚೂರು, ಕರಿಕಲು ಎಂದು ಹಲವು ತರಗತಿಗಳು. ನಮ್ಮ ಕಾರ್ಖಾನೆಯವನು ಗೇರುಬೀಜವೆಂಬ ಶಬ್ದಕ್ಕೆ ಹಣ ತೆತ್ತರೆ, ಹಬ್ಬದ ದಿನ ಪಾಯಸಕ್ಕೆ ಕಾಲು ಕಿಲೋ ಬೇಕಾದವರೂ, ಅದನ್ನು ತಿಂದರೆ ಮೈಗೆ ಒಳ್ಳೆಯದೇ ಎಂದು ತಿಳಿಯಬಯಸುವವರೂ ಅವನ ಜಾಹೀರಾತನ್ನು ಮುಟ್ಟುವರು. ಮುಟ್ಟಿದ ಪ್ರತಿಯೊಬ್ಬನಿಗೂ ಅವನು ಸುಂಕ ತೆರಬೇಕು. ಇದು ಹತ್ತು ಮಂದಿಗೆ ಹೇಳಬೇಕಾದ ಮಾತನ್ನು ಜಾತ್ರೆಯಲ್ಲಿ ನಿಂತು ಸಾವಿರ ಮಂದಿಯ ಕಿವಿಗೆ ಕೂಗಿ, ತಲೆಯೊಂದಕ್ಕೆ ಇಷ್ಟೆಂದು ಕೂಲಿ ಕೊಟ್ಟಂತೆ. ಶಬ್ದಗಳನ್ನು ಆಯ್ದು ಈ ವೆಚ್ಚವನ್ನು ತಗ್ಗಿಸುವ ಉಪಾಯಗಳು ಇವೆಯೆಂಬುದು ನಿಜ. ಆದರೆ ಆ ಉಪಾಯವನ್ನು ಬಲ್ಲವನು ಕಸುಬನ್ನು ಅರಿಯನು, ಕಸುಬನ್ನು ಬಲ್ಲವನು ಉಪಾಯವನ್ನು ಅರಿಯನು.

ಇದಕ್ಕಿಂತಲೂ ಗಂಭೀರವಾದ ಅಂಶವು ಬೇರೊಂದಿದೆ. ಗಿರಾಕಿಯು ಯಾರು, ಏನನ್ನು ಹುಡುಕಿದನು, ಎಷ್ಟು ಹೊತ್ತು ನಿಂತನು, ಆಮೇಲೆ ಯಾರ ಅಂಗಡಿಗೆ ಹೋದನು ಎಂಬ ಲೆಕ್ಕವೆಲ್ಲ ಆ ಕಂಪೆನಿಯ ವಹಿಯಲ್ಲಿ ಉಳಿಯುತ್ತದೆ. ಹಣ ತೆತ್ತ ನಮ್ಮ ವ್ಯಾಪಾರಿಗೆ ಸಿಗುವುದು ಅದರ ಒಂದು ಸಾರಾಂಶ ಮಾತ್ರ. ಮುಂದಿನ ವರ್ಷ ಅದೇ ಗಿರಾಕಿಗಳಿಗೆ ಮಾತು ಮುಟ್ಟಿಸಬೇಕಾದರೆ ಮತ್ತೆ ಹಣ ತೆರಬೇಕು. ಪ್ರತಿಸ್ಪರ್ಧಿಯು ಹೆಚ್ಚು ಸವಾಲು ಹಾಕಿದರೆ ಅದಕ್ಕೂ ಹೆಚ್ಚು ತೆರಬೇಕು. ಹಿಂದೆ ಬಂದರಿನ ಸಾಹುಕಾರನ ಗಾದಿಯ ಬಳಿ ಕೆಂಪು ಬಟ್ಟೆಯ ವಹಿಯೊಂದು ಇರುತ್ತಿತ್ತು. ಯಾವ ಊರಿನಲ್ಲಿ ಯಾರು ಎಂಥ ಸರಕನ್ನು ಕೊಳ್ಳುವರು, ಯಾರ ಮಾತು ನಂಬತಕ್ಕದ್ದು, ಯಾರ ಹುಂಡಿ ತಡವಾಗುವುದು ಎಂಬುದೆಲ್ಲ ಅದರಲ್ಲಿತ್ತು. ಕೋಠಿಯು ಸುಟ್ಟುಹೋದರೂ ಆ ವಹಿಯು ಉಳಿದರೆ ವ್ಯಾಪಾರವು ಉಳಿಯುತ್ತಿತ್ತು. ಇಂದು ಕೋಠಿಯು ನಮ್ಮದು, ಸರಕು ನಮ್ಮದು, ದುಡಿಮೆ ನಮ್ಮದು. ವಹಿಯು ಮಾತ್ರ ಪರರದು. ವಹಿಯು ಯಾರದೋ ವ್ಯಾಪಾರವೂ ಕ್ರಮೇಣ ಅವರದೇ ಆಗುವುದೆಂಬುದೇ ನಾವು ಈ ದಿನ ಹೇಳಬೇಕೆಂದಿರುವ ಮುಖ್ಯ ಮಾತು.

ಹಾಗಾದರೆ ಇದಕ್ಕೆ ಪರಿಹಾರವೇನು? ಒಂದೊಂದು ವಿಶಿಷ್ಟ ಕಸುಬನ್ನೇ ಹಿಡಿದು, ಅದರ ಮಾರುವವರನ್ನೂ ಕೊಳ್ಳುವವರನ್ನೂ ಒಂದು ಪಟ್ಟಿಯಲ್ಲಿ ಕೂಡಿಸುವ ಜಾಹೀರಾತಿನ ಕಂಪೆನಿಗಳು ಅಲ್ಲಲ್ಲಿ ಹುಟ್ಟಿವೆ. ಇವುಗಳ ಮೂಲವನ್ನು ವಿಚಾರಿಸಿದರೆ ನಮಗೆ ಧೈರ್ಯ ತರುವ ಸಂಗತಿಯೊಂದು ತಿಳಿದುಬರುತ್ತದೆ. ೧೯೯೬ರಲ್ಲಿ ದಿನೇಶ್ ಅಗರವಾಲ್, ಬ್ರಿಜೇಶ್ ಅಗರವಾಲ್ ಎಂಬವರು ದಿಲ್ಲಿಯ ಕಡೆಯಲ್ಲಿ ಇಂಡಿಯಾಮಾರ್ಟ್ ಎಂಬ ಕಂಪೆನಿಯನ್ನು ತೆರೆದಾಗ ಅವರ ಬಳಿಯಲ್ಲಿ ಅದ್ಭುತವಾದ ಯಂತ್ರವೇನೂ ಇರಲಿಲ್ಲ. ರಫ್ತು ವ್ಯಾಪಾರಿಗಳ ಒಂದು ಹೆಸರುಪಟ್ಟಿಯನ್ನು ಮಾಡಿ ಅಂತರ್ಜಾಲದಲ್ಲಿ ಇಡುವುದರಿಂದ ಅವರು ಆರಂಭಿಸಿದರು. ಆ ವ್ಯಾಪಾರಿಗಳಲ್ಲಿ ಅನೇಕರಿಗೆ ಅಂತರ್ಜಾಲವೇ ಇರಲಿಲ್ಲ; ಪರದೇಶದಿಂದ ಬಂದ ವಿಚಾರಣೆಯ ಪತ್ರಗಳನ್ನು ಇವರು ಕಾಗದದ ಮೇಲೆ ಅಚ್ಚುಹಾಕಿ ಕಳುಹಿಸುತ್ತಿದ್ದರು. ಮರುವರ್ಷ ೧೯೯೭ರಲ್ಲಿ ಸಂಜೀವ ಬಿಖ್‌ಚಂದಾನಿಯವರು ನೌಕರಿಗಳ ಪಟ್ಟಿಯನ್ನೂ, ಮುರುಗವೇಲ್ ಜಾನಕಿರಾಮನ್ ಎಂಬವರು ವಧೂವರರ ಪಟ್ಟಿಯನ್ನೂ ಹೀಗೆಯೇ ಆರಂಭಿಸಿದರು. ಇವೆಲ್ಲವೂ ಈಗ ದೊಡ್ಡ ಕಂಪೆನಿಗಳಾಗಿವೆ. ಇವುಗಳ ಬೇರಿನಲ್ಲಿ ಇರುವುದು ಒಂದು ವಹಿ. ತಾಳ್ಮೆಯಿಂದ ಹೆಸರುಗಳನ್ನು ಬರೆದು, ವಿಚಾರಿಸಿ, ತಿದ್ದಿ, ನಂಬಿಕೆಯನ್ನು ಗಳಿಸಿದ ವಹಿ. ಯಂತ್ರವು ಆಮೇಲೆ ಬಂದಿತು.

ಈ ಬಗೆಯ ಕಾರ್ಯವು ನಮ್ಮ ಮಂಗಳೂರಿಗೆ ಅಪರಿಚಿತವೇ? ಅಲ್ಲವೇ ಅಲ್ಲ. ಈ ಶತಮಾನದ ಆದಿಯಲ್ಲಿ ವಾಲ್ಟರ್ ನಂದಳಿಕೆಯವರ ದಾಯ್ಜಿವರ್ಲ್ಡ್, ಅದೇ ಕಾಲದ ಮ್ಯಾಂಗಲೋರಿಯನ್ ಎಂಬ ಅಂತರ್ಜಾಲ ತಾಣಗಳು ಹುಟ್ಟಿದ ಬಗೆಯನ್ನು ನಮ್ಮ ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ. ಹೊಟ್ಟೆಪಾಡಿಗಾಗಿ ಗಲ್ಫ್ ದೇಶಗಳಿಗೆ ಹೋದ ಕರಾವಳಿಯ ಮಕ್ಕಳಿಗೆ ಊರಿನ ಮದುವೆ, ಮರಣ, ಮಳೆ, ಜಾತ್ರೆಗಳ ವರ್ತಮಾನವನ್ನು ಹೇಳುವವರು ಯಾರೂ ಇರಲಿಲ್ಲ. ಮುಂಬಯಿಯ ಜಾಹೀರಾತು ಸಂಸ್ಥೆಗಳ ಲೆಕ್ಕದಲ್ಲಿ ಈ ಜನರು ಒಂದು ಗುಂಪಾಗಿಯೇ ಇರಲಿಲ್ಲ. ಅವರನ್ನು ಬಲ್ಲವರು, ಅವರೊಳಗಿನವರೇ, ಅವರನ್ನು ಒಂದೆಡೆಯಲ್ಲಿ ಕೂಡಿಸಿದರು. ಕೂಡಿಸಿದ ಮೇಲೆ ಮನೆ ಮಾರುವವರು, ಚಿನ್ನದ ಅಂಗಡಿಯವರು, ಶ್ರದ್ಧಾಂಜಲಿಯ ಪ್ರಕಟಣೆಯವರು ತಾವಾಗಿ ಅಲ್ಲಿಗೆ ಬಂದರು. ಅವುಗಳ ಮುಖ್ಯ ಭಾಷೆಯು ಇಂಗ್ಲಿಷಾಯಿತೆಂಬುದು ಕನ್ನಡ ಪತ್ರಿಕೆಯಾದ ನಮಗೆ ಅಷ್ಟು ಸಂತೋಷದ ಸಂಗತಿಯಲ್ಲ. ಆದರೂ ಸಣ್ಣದಾದ, ಚದರಿಹೋದ, ಹೊರಗಿನವರ ಕಣ್ಣಿಗೆ ಬೀಳದ ಒಂದು ಸಮುದಾಯವನ್ನು ಬಲ್ಲವನೇ ಅದರ ಜಾಹೀರಾತಿನ ಒಡೆಯನಾಗಬಹುದೆಂಬುದನ್ನು ಮಂಗಳೂರಿನವರು ಮಾಡಿ ತೋರಿಸಿದ್ದಾರೆ. ಜನರ ವಿಷಯದಲ್ಲಿ ಸಾಧ್ಯವಾದದ್ದು ಕಸುಬುಗಳ ವಿಷಯದಲ್ಲಿ ಏತಕ್ಕೆ ಸಾಧ್ಯವಾಗದು?

ಸಾಮಗ್ರಿಯು ನಮ್ಮಲ್ಲಿ ಬೇಕಾದಷ್ಟಿದೆ. ಕನ್ನಡವನ್ನು ಗಣಕದ ಮೇಲೆ ಬರೆಯುವುದಕ್ಕೆ ಕೀಲಿಗಳ ವಿನ್ಯಾಸವನ್ನು ಕಟ್ಟಿಕೊಟ್ಟ ಕೆ. ಪಿ. ರಾಯರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಸರಕಾರವೂ ಆ ವಿನ್ಯಾಸವನ್ನೇ ಅಂಗೀಕರಿಸಿತು. ಅಂತರ್ಜಾಲದಲ್ಲಿ ಮೊದಲ ಕನ್ನಡ ಪತ್ರಿಕೆಯಾದ ವಿಶ್ವಕನ್ನಡವನ್ನು ೧೯೯೬ರಲ್ಲಿ ಹೊರಡಿಸಿದ ಯು. ಬಿ. ಪವನಜರೂ ಈ ಜಿಲ್ಲೆಯ ಮೂಲದವರೇ. ಅದೇ ೧೯೯೬ರಲ್ಲಿ ರೋಹಿತ್ ಭಟ್ಟರು ಉಡುಪಿಯಲ್ಲಿ ರೋಬೋಸಾಫ್ಟ್ ಎಂಬ ಕಂಪೆನಿಯನ್ನು ತೆರೆದು, ಇಂಥ ಕೆಲಸಕ್ಕೆ ಬೆಂಗಳೂರಿಗೇ ಹೋಗಬೇಕಾಗಿಲ್ಲವೆಂಬುದನ್ನು ಸಿದ್ಧಮಾಡಿದರು. ಸುರತ್ಕಲ್ಲಿನ ತಾಂತ್ರಿಕ ವಿದ್ಯಾಲಯವು ೧೯೬೦ರಿಂದ ವಿದ್ಯಾವಂತರನ್ನು ತಯಾರಿಸುತ್ತಿದೆ. ಅವರಲ್ಲಿ ಬಹುಮಂದಿ ಪರಸ್ಥಳದ ಕಂಪೆನಿಗಳ ಕೆಲಸಕ್ಕೆ ಹೋಗುತ್ತಿದ್ದಾರೆ. ಬುದ್ಧಿಯೂ ಇದೆ, ಸರಕೂ ಇದೆ, ಪಣಂಬೂರಿನಲ್ಲಿ ಬಂದರವೂ ಇದೆ. ಹಿತ್ತಲ ಗಿಡ ಮದ್ದಲ್ಲವೆಂಬ ನಮ್ಮ ಹಳೆಯ ರೋಗವೂ ಇದೆ.

ಬಂಡವಾಳವೆಲ್ಲಿ ಎಂದು ಕೇಳುವವರಿಗೆ ನಾವು ಉಡುಪಿಯ ಕಡೆಗೆ ಬೆರಳು ತೋರಿಸುತ್ತೇವೆ. ೧೯೨೫ರಲ್ಲಿ ಡಾ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಈ ಮೂವರು ಅಲ್ಲಿ ಬೇಂಕನ್ನು ತೆರೆದಾಗ ಮೂಲಧನವು ೮೦೦೦ ರೂಪಾಯಿಗಳು. ನೇಕಾರರ ಕಷ್ಟವನ್ನು ಪರಿಹರಿಸಬೇಕೆಂಬುದು ಅವರ ಉದ್ದೇಶಗಳಲ್ಲಿ ಒಂದು. ೧೯೨೮ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ಹೂಡಿದರು. ಬೇಂಕಿನ ಮನುಷ್ಯನು ದಿನವೂ ಮನೆಯ ಬಾಗಿಲಿಗೆ, ಅಂಗಡಿಯ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಹಣವನ್ನೂ ಲೆಕ್ಕ ಬರೆದು ತರುತ್ತಿದ್ದನು. ದೊಡ್ಡ ಬೇಂಕುಗಳು ಕಣ್ಣೆತ್ತಿ ನೋಡದಿದ್ದ ಎರಡಾಣೆಗಳಿಂದಲೇ ಮುಂದಿನ ಸಿಂಡಿಕೇಟ್ ಬೇಂಕು ಬೆಳೆಯಿತು. ೨೦೨೦ರಲ್ಲಿ ಅದು ಅಮ್ಮೆಂಬಳ ಸುಬ್ಬರಾವ್ ಪೈಗಳು ೧೯೦೬ರಲ್ಲಿ ಸ್ಥಾಪಿಸಿದ ಕೆನರಾ ಬೇಂಕಿನಲ್ಲಿ ಲೀನವಾಯಿತಾದರೂ ಅದು ಕಲಿಸಿದ ಪಾಠವು ಲೀನವಾಗಬಾರದು. ಜಾಹೀರಾತಿನ ವಿಷಯದಲ್ಲಿಯೂ ಎರಡಾಣೆಯವರು ಇದ್ದಾರೆ. ಬೋಳಾರದ ದೋಣಿ ರಿಪೇರಿಯವನು, ಬಲೆ ಹೆಣೆಯುವವನು, ಮಂಜುಗಡ್ಡೆಯ ಕಾರ್ಖಾನೆಯವನು, ಶಂಕರಪುರದ ಮಲ್ಲಿಗೆಯವನು ಇವರಲ್ಲಿ ಯಾರೂ ಮುಂಬಯಿಯ ಜಾಹೀರಾತು ಸಂಸ್ಥೆಯ ಮೆಟ್ಟಿಲೇರುವವರಲ್ಲ. ಇವರ ಬಾಗಿಲಿಗೆ ತಾನೇ ಹೋಗಿ, ಕುಳಿತು, ಮಾತನಾಡಿ, ಬರೆದುಕೊಳ್ಳುವ ಸಂಸ್ಥೆಯೊಂದು ಬೇಕು. ಹನಿಗೂಡಿದರೆ ಹಳ್ಳ.

ಹೊರಗಿನ ಯಂತ್ರಕ್ಕೆ ಸಿಗದ ತಿಳಿವಳಿಕೆಯು ಅಂಥ ಸಂಸ್ಥೆಗೆ ಸಿಗುವುದು. ಮಲ್ಲಿಗೆಯನ್ನು ಇಲ್ಲಿ ಚೆಂಡು ಅಟ್ಟೆಗಳ ಲೆಕ್ಕದಲ್ಲಿ ಮಾರುವರು, ಅದರ ದರವು ದಿನದಿನಕ್ಕೂ ಬದಲಾಗುವುದು, ಮದುವೆಯ ಕಾಲದಲ್ಲಿ ಏರುವುದು ಎಂಬುದನ್ನು ಅರಿತವನಿಗಲ್ಲದೆ ಅದರ ಜಾಹೀರಾತನ್ನು ಯಾವ ದಿನ ಯಾರಿಗೆ ತೋರಿಸಬೇಕೆಂಬುದು ತಿಳಿಯದು. ನಮ್ಮ ಚಾಲಿ ಅಡಕೆಯು ಶಿವಮೊಗ್ಗದ ಕಡೆಯ ಕೆಂಪಡಕೆಗಿಂತ ಬೇರೆ. ಹೊಸ ಚಾಲಿಯ ಬೆಲೆ ಬೇರೆ, ಹಳೆ ಚಾಲಿಯ ಬೆಲೆ ಬೇರೆ. ಕೊಳ್ಳುವ ಊರುಗಳೂ ಬೇರೆ ಬೇರೆ. ಯಂತ್ರದ ಕಣ್ಣಿಗೆ ಇವೆಲ್ಲವೂ ಅಡಕೆಯೇ. ಮೀನುಗಾರರು ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೇರಿಸಿದಾಗಲೇ ರಿಪೇರಿಯವನಿಗೆ ಸುಗ್ಗಿ. ಉಳಿದ ತಿಂಗಳುಗಳಲ್ಲಿ ಅವನು ಜಾಹೀರಾತಿಗೆ ಹಣ ಸುರಿದರೆ ಹೊಳೆಯಲ್ಲಿ ಹುಣಿಸೆಹಣ್ಣನ್ನು ಕಿವುಚಿದಂತೆ. ಇದು ಪುಸ್ತಕದಲ್ಲಿ ಬರೆದ ವಿದ್ಯೆಯಲ್ಲ. ಬಂದರಿನ ಓಣಿಗಳಲ್ಲಿ ತಿರುಗಿದವರ ಕಾಲಿಗೆ ಅಂಟಿದ ವಿದ್ಯೆ. ಈ ವಿದ್ಯೆಯೇ ಅಂಥ ಕಂಪೆನಿಯ ನಿಜವಾದ ಬಂಡವಾಳ.

ನಮ್ಮ ಸಲಹೆಗೆ ಬರಬಹುದಾದ ಆಕ್ಷೇಪಣೆಗಳನ್ನು ನಾವು ಮರೆತಿಲ್ಲ. ಜಾಹೀರಾತೆಂಬುದೇ ಒಂದು ಪ್ರಲೋಭನೆಯಲ್ಲವೇ, ಮಹಾತ್ಮಾ ಗಾಂಧಿಯವರು ತಮ್ಮ ಪತ್ರಿಕೆಗಳಿಂದ ಅದನ್ನು ದೂರವಿಡಲಿಲ್ಲವೇ ಎಂದು ಕೆಲವರು ಕೇಳುವರು. ನಿಜ. ದಕ್ಷಿಣ ಆಫ್ರಿಕದ ಇಂಡಿಯನ್ ಒಪೀನಿಯನ್ ಪತ್ರಿಕೆಯಲ್ಲಿ ಮೊದಲು ಇದ್ದ ಜಾಹೀರಾತುಗಳನ್ನು ಅವರು ನಿಲ್ಲಿಸಿದರು. ಇಲ್ಲಿನ ಯಂಗ್ ಇಂಡಿಯಾ, ನವಜೀವನ ಪತ್ರಿಕೆಗಳನ್ನು ಜಾಹೀರಾತಿಲ್ಲದೆಯೇ ನಡೆಯಿಸಿದರು. ಆ ಎತ್ತರಕ್ಕೆ ಏರಲಾರದ ನಾವು ಅವರ ಮುಂದೆ ತಲೆತಗ್ಗಿಸುತ್ತೇವೆ. ಆದರೆ ಬೇಡದವನಲ್ಲಿ ಬಯಕೆಯನ್ನು ಕೆರಳಿಸುವ ಜಾಹೀರಾತು ಒಂದು. ಬೇಕಾದವನಿಗೆ ಇಂಥದು ಇಂಥಲ್ಲಿ ಇಷ್ಟಕ್ಕೆ ಸಿಗುವುದೆಂದು ತಿಳಿಸುವ ಪ್ರಕಟಣೆಯು ಇನ್ನೊಂದು. ದೋಣಿಯ ಯಂತ್ರದ ಬಿಡಿಭಾಗ ಎಲ್ಲಿ ಸಿಗುವುದೆಂದು ಮೀನುಗಾರನಿಗೆ ತಿಳಿಸಿದರೆ ಅವನ ಮನಸ್ಸು ಕೆಡುವುದಿಲ್ಲ. ಅವನ ಒಂದು ದಿನದ ದುಡಿಮೆ ಉಳಿಯುತ್ತದೆ. ನಾವು ಕೇಳುತ್ತಿರುವುದು ಎರಡನೆಯ ಬಗೆಯದನ್ನು.

ದೇಶೀಯ ಕಂಪೆನಿಯಾದರೆ ಪ್ರಾಮಾಣಿಕವಾಗಿಯೇ ಇರುವುದೆಂಬ ಭರವಸೆಯೇನು ಎಂದು ಇನ್ನು ಕೆಲವರು ಕೇಳುವರು. ಈ ಪ್ರಶ್ನೆಯು ನ್ಯಾಯವಾದುದು. ೨೦೦೭ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿ, ದೂರವಾಣಿಯ ಮೇಲಿನ ಜಾಹೀರಾತಿನಲ್ಲಿ ಲೋಕಪ್ರಸಿದ್ಧವಾದ ಇನ್‌ಮೋಬಿ ಕಂಪೆನಿಯ ಸಾಹಸವು ನಮ್ಮ ನಾಡಿಗೆ ಹೆಮ್ಮೆಯದು. ಆದರೆ ಜನರ ಅನುಮತಿಯಿಲ್ಲದೆ ಅವರು ಇರುವ ಸ್ಥಳವನ್ನು ಗುರುತುಹಿಡಿದ ಆರೋಪಕ್ಕಾಗಿ ೨೦೧೬ರಲ್ಲಿ ಅದು ಅಮೆರಿಕದ ಫೆಡರಲ್ ಟ್ರೇಡ್ ಕಮಿಶನಿಗೆ ೯,೫೦,೦೦೦ ಡಾಲರುಗಳ ದಂಡವನ್ನು ತೆರಲು ಒಪ್ಪಬೇಕಾಯಿತು; ಮಕ್ಕಳಿಗಾಗಿ ಮಾಡಿದ ಆಟಗಳ ಮೂಲಕವೂ ಇದು ನಡೆದಿತ್ತೆಂಬುದು ಆರೋಪದ ಒಂದು ಭಾಗ. ಸ್ವದೇಶಿಯೆಂಬ ಹೆಸರು ಅನ್ಯಾಯಕ್ಕೆ ಹೊದಿಕೆಯಾಗಬಾರದು. ಪರರು ನಮ್ಮ ವಹಿಯನ್ನು ಕದ್ದು ಓದುವುದು ತಪ್ಪಾದರೆ ನಮ್ಮವರೇ ಓದುವುದೂ ತಪ್ಪೇ. ೨೦೨೩ರಲ್ಲಿ ನಮ್ಮ ಪಾರ್ಲಿಮೆಂಟು ಖಾಸಗಿ ಮಾಹಿತಿಯ ರಕ್ಷಣೆಗಾಗಿ ಕಾಯಿದೆಯನ್ನು ಮಾಡಿದೆ. ಕಾಯಿದೆಯು ಹೇಳುವುದಕ್ಕಿಂತ ಒಂದು ಹೆಜ್ಜೆ ಮುಂದೆ ನಿಲ್ಲುವ ಕಂಪೆನಿಯು ನಮಗೆ ಬೇಕು.

ಇದೆಲ್ಲವನ್ನೂ ಸರಕಾರವೇ ಏಕೆ ಸರಿಪಡಿಸಬಾರದೆಂದು ಕೇಳುವವರಿಗೆ ಸರಕಾರವು ಮಾಡಿದುದನ್ನು ನೆನಪಿಸುತ್ತೇವೆ. ಪರದೇಶದ ಕಂಪೆನಿಗಳಿಗೆ ಸಲ್ಲುವ ಅಂತರ್ಜಾಲ ಜಾಹೀರಾತಿನ ಹಣದ ಮೇಲೆ ೨೦೧೬ರಲ್ಲಿ ನೂರಕ್ಕೆ ೬ರಂತೆ ಸಮೀಕರಣದ ಸುಂಕವನ್ನು ಹಾಕಿದ್ದರು. ೨೦೨೫ರ ಏಪ್ರಿಲ್ ೧ರಿಂದ ಅದನ್ನು ತೆಗೆದುಹಾಕಿದರು. ಹುಡುಕಾಟದಲ್ಲಿ ಪಕ್ಷಪಾತ ಮಾಡಿದ್ದಕ್ಕಾಗಿ ೨೦೧೮ರಲ್ಲಿ ಸ್ಪರ್ಧಾ ಆಯೋಗವು ಗೂಗಲಿಗೆ ೧೩೫.೮೬ ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು; ವೃತ್ತಪತ್ರಗಳ ದೂರಿನ ಮೇಲೆ ೨೦೨೨ರ ಜನವರಿಯಲ್ಲಿ ಜಾಹೀರಾತಿನ ಹಣದ ಹಂಚಿಕೆಯ ವಿಚಾರಣೆಗೂ ಅಪ್ಪಣೆಕೊಟ್ಟಿತು. ಇಂಥ ಕ್ರಮಗಳು ಅಗತ್ಯ. ಆದರೆ ಸುಂಕವು ಬರುವುದು, ಹೋಗುವುದು. ದಂಡವು ಕಳ್ಳನನ್ನು ಬೆದರಿಸಬಹುದೇ ಹೊರತು ನಮ್ಮ ಮನೆಗೆ ಬಾಗಿಲನ್ನು ಮಾಡಿಕೊಡದು. ಬಾಗಿಲನ್ನು ನಾವೇ ಮಾಡಿಕೊಳ್ಳಬೇಕು.

ಆದುದರಿಂದ ಕೆನರಾ ವಾಣಿಜ್ಯ ಮಂಡಳಿಯವರೂ ಆಯಾ ಕಸುಬುಗಳ ಸಂಘಗಳವರೂ ಒಂದೆಡೆಯಲ್ಲಿ ಕುಳಿತು ಈ ವಿಷಯವನ್ನು ವಿಚಾರಮಾಡಬೇಕೆಂದು ನಾವು ವಿನಯಪೂರ್ವಕವಾಗಿ ಸೂಚಿಸುತ್ತೇವೆ. ಅಡಕೆಯ ಬೆಲೆಯು ಬಿದ್ದು ಬೆಳೆಗಾರರು ಕಂಗೆಟ್ಟಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ೧೯೭೩ರಲ್ಲಿ ಕ್ಯಾಂಪ್ಕೋ ಹುಟ್ಟಿತಷ್ಟೆ. ದಲಾಲಿಯ ಮರ್ಜಿಯನ್ನು ಕಾಯುತ್ತಿದ್ದ ರೈತನು ತಾನೇ ಮಾರಾಟದ ಒಡೆಯನಾದನು. ಅದೇ ಸಂಸ್ಥೆಯು ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟಿನ ಕಾರ್ಖಾನೆಯನ್ನೂ ನಿಲ್ಲಿಸಿತು. ಜಾಹೀರಾತಿನ ಕಂಪೆನಿಯೂ ಅಂಥದೇ ಸಹಕಾರದ ತಳಹದಿಯ ಮೇಲೆ ನಿಲ್ಲಲಿ. ಗಿರಾಕಿಗಳ ಪಟ್ಟಿಯು ಕಂಪೆನಿಯದಾಗದೆ ಆಯಾ ಕಸುಬುದಾರನದೇ ಆಗಿರಲಿ. ಅವನು ಬಿಟ್ಟುಹೋಗುವಾಗ ಅದನ್ನು ಕೊಂಡೊಯ್ಯುವ ಹಕ್ಕು ಅವನಿಗಿರಲಿ. ದರವು ಎಲ್ಲರಿಗೂ ಕಾಣುವಂತೆ ಬರೆದಿರಲಿ. ಸುಳ್ಳು ಸರಕಿನ ಪ್ರಕಟಣೆಗೆ ಜಾಗವಿಲ್ಲದಿರಲಿ. ಕನ್ನಡವು ಅದರ ಮೊದಲ ಭಾಷೆಯಾಗಿರಲಿ. ತುಳು, ಕೊಂಕಣಿ, ಬ್ಯಾರಿ ಮಾತುಗಳಲ್ಲಿ ವ್ಯವಹರಿಸುವವನಿಗೂ ಅಲ್ಲಿ ತಡೆಯಿಲ್ಲದಿರಲಿ. ಪರದೇಶದ ಗಿರಾಕಿಗೆ ಅವನ ಭಾಷೆಯಲ್ಲಿ ಹೇಳಲಿ. ಹಂಚು, ಗೇರುಬೀಜ, ಮೀನುಗಾರಿಕೆ ಈ ಮೂರೇ ಕಸುಬುಗಳಿಂದ ಆರಂಭಿಸಿದರೂ ಸಾಕು. ಪತ್ರಿಕೆಗಳವರು ಇದರಲ್ಲಿ ಒಡೆತನವನ್ನು ಬಯಸದೆ ತಮ್ಮ ಅನುಭವವನ್ನು ಕೊಡಲಿ. ನಮ್ಮ ಪಾಲಿನ ಸೇವೆಯನ್ನು ಸಲ್ಲಿಸಲು ನಾವು ಸಿದ್ಧರಿದ್ದೇವೆ.

ಕೊನೆಯದಾಗಿ ಒಂದು ಮಾತು. ಕನ್ನಡದ ಮೊದಲ ವೃತ್ತಪತ್ರವಾದ ಮಂಗಳೂರು ಸಮಾಚಾರವು ೧೮೪೩ರ ಜುಲೈ ೧ರಂದು ಈ ಊರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಹೊರಟಿತು. ಅದನ್ನು ಹೊರಡಿಸಿದವರು ಜರ್ಮನಿಯಿಂದ ಬಂದ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಮಹಾಶಯರು. ಅವರ ಉಪಕಾರವನ್ನು ಕನ್ನಡಿಗರು ಮರೆಯಲಾರರು. ವರ್ಷವರ್ಷವೂ ಆ ದಿನವನ್ನು ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ಆದರೆ ಮರುವರ್ಷವೇ ಆ ಪತ್ರವು ಮಂಗಳೂರನ್ನು ಬಿಟ್ಟು ಬಳ್ಳಾರಿಗೆ ಹೋಯಿತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅಚ್ಚುಮೊಳೆಗಳ ಅನುಕೂಲತೆಯು ಅಲ್ಲಿತ್ತು, ಇಲ್ಲಿ ಇರಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ್ದು ಮಂಗಳೂರಿನಲ್ಲಿ ಉಳಿಯಬೇಕಾದರೆ ಅದಕ್ಕೆ ಬೇಕಾದ ಅನುಕೂಲತೆಯನ್ನು ಮಂಗಳೂರಿನವರೇ ಒದಗಿಸಬೇಕೆಂಬುದು ಅಂದಿಗೂ ನಿಜ, ಇಂದಿಗೂ ನಿಜ. ಅಂದು ಅನುಕೂಲತೆಯಿರಲಿಲ್ಲವೆಂಬ ನೆಪವಾದರೂ ಇತ್ತು. ವಿದ್ಯೆಯೂ ಯಂತ್ರವೂ ಬೇಂಕೂ ಬಂದರವೂ ಊರೊಳಗೇ ಇರುವ ಈ ಕಾಲದಲ್ಲಿ ಆ ನೆಪವೂ ನಮಗೆ ಇಲ್ಲ. ವಹಿಯನ್ನು ಮರಳಿ ಗಾ​ದಿಯ ಬಳಿಗೆ ತರುವ ಕಾರ್ಯಕ್ಕೆ ನಮ್ಮ ವರ್ತಕರು ಈ ವರ್ಷವೇ ಕೈಹಚ್ಚುವರೆಂದು ಹಾರೈಸುತ್ತೇವೆ.